ಊರೊಳಗಿನ ನಂಬರು, ಸಾಲೊಳಗಿನ ಪೆಟ್ಟಿಗೆ

ದುಮ್ಮವಾಡ ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಒಂದು ಹೋಬಳಿ. ಇಲ್ಲಿಯ ರೈತ ತನ್ನದು ಹನ್ನೆರಡನೇ ನಂಬರಿನ ಹೊಲ ಎಂದರೆ ಊರವರಿಗೆ ಸಾಕು, ತಾಲ್ಲೂಕು ಕಚೇರಿಗೆ ಸಾಲದು. ಆ ನಂಬರು ಇಲ್ಲದ ಊರೇ ಅಪರೂಪ. ಉತಾರ, ಅಂದರೆ ಹೊಲದ ಪಹಣಿ, ಬೇಕಾದವರು ಮೇಲಿಂದ ಇಳಿಯುತ್ತ ಬರಬೇಕು: ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು, ಹೆಚ್ಚಾಗಿ ಬರೀ ನಕ್ಷತ್ರದ ಗುರುತಿರುವ ಸರ್ನಾಕ್ ಎಂಬ ಖಾನೆ, ಕಡೆಗೆ ಹಿಸ್ಸಾ.

ಈ ಕಟ್ಟು ಹಳೆಯದು. ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ 1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟ್ ಕೈಕೆಳಗಿನವರು ಈ ಸೀಮೆಯ ಹೊಲಗಳನ್ನು ಅಳೆಯತೊಡಗಿದರು. ಪ್ರತಿ ಊರಿನಲ್ಲೂ ಎಣಿಕೆ ಮತ್ತೆ ಒಂದರಿಂದ ಶುರು. ಅಣ್ಣತಮ್ಮಂದಿರು ಬೇರೆಯಾದಂತೆ ನಂಬರಿನ ಹೊಟ್ಟೆಯೊಳಗೆ ಹಿಸ್ಸಾಗಳು ಹುಟ್ಟಿದವು. ಕುಲಕರ್ಣಿಯ, ಆಮೇಲೆ ತಲಾಠಿಯ ದಫ್ತರದಲ್ಲಿದ್ದ ಈ ಲೆಕ್ಕವನ್ನು 2000ದ ಸುಮಾರಿಗೆ 'ಭೂಮಿ' ಯೋಜನೆ ಕಂಪ್ಯೂಟರಿಗೆ ಏರಿಸಿತು. ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು. ಆರಂಭದಲ್ಲಿ ಪ್ರತಿಯೊಂದಕ್ಕೆ 15 ರೂಪಾಯಿ.

ಅದೇ ಕಾಲಕ್ಕೆ ವೆಬ್ ಪುಟ ಬರೆಯುವವರೂ ಒಂದೇ ಹೆಸರು ಹಲವು ಕಡೆ ಬರುವ ಇಂಥದೇ ಗಂಟನ್ನು ಬಿಡಿಸುತ್ತಿದ್ದರು.

2002ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ಎ.ಎಸ್.ಪಿ. ಡಾಟ್ ನೆಟ್ ಹೊರಬಂತು. ಮಾರ್ಕ್ ಆಂಡರ್ಸ್ ಮತ್ತು ಸ್ಕಾಟ್ ಗುತ್ರಿ ಅದರ ಮೂಲ ರೂಪಕಾರರು. ಅದರಲ್ಲಿ ಸರ್ವರ್ ಮೇಲೆ ಸಿದ್ಧವಾಗುವ ಪುಟ ಎಂದರೆ ಕಂಟ್ರೋಲ್‌ಗಳ ಮರ: ಪುಟದೊಳಗೆ ಫಾರ್ಮ್, ಅದರೊಳಗೆ ಪಟ್ಟಿ, ಪಟ್ಟಿಯ ಸಾಲು, ಸಾಲಿನಲ್ಲಿ ಅಕ್ಷರ ತುಂಬುವ ಪೆಟ್ಟಿಗೆ. ಹತ್ತು ಸಾಲಿದ್ದರೆ ಒಂದೇ ಹೆಸರಿನ ಹತ್ತು ಪೆಟ್ಟಿಗೆ. ಅವು ಕಲಸಿಹೋಗದಂತೆ ಪ್ರತಿ ಸಾಲನ್ನೂ 'ನೇಮಿಂಗ್ ಕಂಟೇನರ್' ಮಾಡಿದರು, ಅಂದರೆ ಹೆಸರುಗಳಿಗೊಂದು ಊರಗಡಿ. 'ಫೈಂಡ್‌ಕಂಟ್ರೋಲ್' ಎಂಬ ಹುಡುಕುವ ಆಜ್ಞೆ ಆ ಗಡಿ ದಾಟುವುದಿಲ್ಲ. ಪುಟವನ್ನೇ ಕೇಳಿದರೆ ಸಾಲಿನೊಳಗಿನ ಪೆಟ್ಟಿಗೆ ಸಿಗದು; ಆಜ್ಞೆ ಏನೂ ದೂರದೆ 'ನಲ್' ಎಂದು ಬರಿಗೈ ತೋರಿಸುತ್ತದೆ. ಆ ಬರಿಗೈಯನ್ನೇ ಪೆಟ್ಟಿಗೆ ಎಂದು ನಂಬಿದ ಮುಂದಿನ ಸಾಲಿನಲ್ಲಿ ಪ್ರೋಗ್ರಾಂ ಬೀಳುತ್ತದೆ. ಕಣ್ಣೆದುರು ಪರದೆಯ ಮೇಲೆ ಪೆಟ್ಟಿಗೆ ಇದೆ, ಕೋಡಿಗೆ ಇಲ್ಲ! ಇದು ಎಷ್ಟೋ ಪ್ರೋಗ್ರಾಮರುಗಳ ನಿದ್ದೆ ಕೆಡಿಸಿದೆ.

ದಾರಿ ಎರಡು. ಸಾಲನ್ನು ಮೊದಲು ಹಿಡಿದು ಅದರೊಳಗೆ ಕೇಳುವುದು ಒಂದು. ತನ್ನನ್ನೇ ತಾನು ಮತ್ತೆ ಮತ್ತೆ ಕರೆಯುವ ಫಂಕ್ಷನ್ ಬರೆದು, ಪುಟದ ಬುಡದಿಂದ ಪ್ರತಿ ಕಂಟ್ರೋಲ್ ಬಿಚ್ಚಿ ನೋಡಿಸುವುದು ಇನ್ನೊಂದು. ಎರಡನೆಯದು ಬರೆಯಲು ಹಗುರ. ಆದರೆ ದೊಡ್ಡ ಪುಟದಲ್ಲಿ ತಡವಾಗುತ್ತದೆ, ಮೊದಲು ಸಿಕ್ಕ ಅದೇ ಹೆಸರಿನ ಬೇರೊಂದನ್ನು ತಂದುಕೊಡಬಹುದು. ಉತಾರದಲ್ಲಿ ಹಾಗಾದರೆ ಬೇರೆಯವರ ಹೊಲ ಕೈಗೆ ಬಂದಂತೆ. ಮೊದಲ ದಾರಿಯೇ ಸರಿ.

2005ರ ಆವೃತ್ತಿ ಹಲವು ಪುಟಗಳಿಗೆ ಒಂದೇ ಚೌಕಟ್ಟಾಗುವ ಮಾಸ್ಟರ್ ಪೇಜ್ ತಂದು ಇನ್ನೊಂದು ಗಡಿ ಸೇರಿಸಿತು. ಬ್ರೌಸರಿನಲ್ಲಿ ಕಾಣುವ ಹೆಸರುಗಳ ಮುಂದೆ 'ಸಿಟಿಎಲ್00' ಅಂಟಿಕೊಂಡಿತು. 2010ರಲ್ಲಿ ಆ ಉದ್ದ ಹೆಸರನ್ನು ಮೊಟಕುಗೊಳಿಸಲು ಅವಕಾಶವಾಯಿತು, ಸರ್ವರಿನೊಳಗಿನ ಗಡಿ ಮಾತ್ರ ಹಾಗೇ ಉಳಿಯಿತು. 2016ರ ಎ.ಎಸ್.ಪಿ. ಡಾಟ್ ನೆಟ್ ಕೋರ್‌ನಲ್ಲಿ ಈ ಬಗೆಯ ಪುಟಗಳಿಗೆ ಜಾಗವಿಲ್ಲ. ಹಳೆಯವು ಇನ್ನೂ ನಡೆಯುತ್ತಿವೆ. ಅಂಥದೊಂದು ಪುಟ ಕೈಗೆ ಬಂದ ಹೊಸಬರು ಪೆಟ್ಟಿಗೆಯ ಹೆಸರು ಹಿಡಿದು ಓಡುವ ಮುನ್ನ ಅದು ಯಾವ ಸಾಲಿನದೆಂದು ಕೇಳಿಕೊಳ್ಳಲಿ.