ಓಡುವ ಮುನ್ನವೇ ತಪ್ಪು ಹಿಡಿಯುವುದು: ಪೋಸ್ಟ್‌ಗ್ರೆಸ್ ಫಂಕ್ಷನ್‌ಗಳ ಪೂರ್ವಪರೀಕ್ಷೆಯ ಇತಿಹಾಸ

ಡೇಟಾಬೇಸ್‌ನೊಳಗೆ ಉಳಿಸಿಟ್ಟ ಫಂಕ್ಷನ್‌ನಲ್ಲಿರುವ ತಪ್ಪು ಬರೆದಾಗಲೇ ತಿಳಿಯಬೇಕೋ, ಓಡಿಸಿದಾಗ ತಿಳಿದರೆ ಸಾಕೋ? 1992ರ ಒರಾಕಲ್ 7 ಮೊದಲ ದಾರಿ ಹಿಡಿಯಿತು. ಪ್ರೊಸೀಜರನ್ನು ಸೃಷ್ಟಿಸುವಾಗಲೇ ಕಂಪೈಲ್ ಮಾಡಿ, ಹೆಸರಿಸಿದ ಟೇಬಲ್ ಇಲ್ಲದಿದ್ದರೆ ಅದನ್ನು ‘ಅಮಾನ್ಯ’ ಎಂದು ಗುರುತಿಸುತ್ತಿತ್ತು. 1998ರ ಪೋಸ್ಟ್‌ಗ್ರೆಸ್ 6.4ರೊಂದಿಗೆ ಬಂದ, ಯಾನ್ ವೀಕ್ ರೂಪಿಸಿದ ಪಿಎಲ್‌/ಪಿಜಿಎಸ್‌ಕ್ಯುಎಲ್ ಭಾಷೆ ಒರಾಕಲ್‌ನ ವಾಕ್ಯರಚನೆಯನ್ನು ಬಹುಪಾಲು ಅನುಸರಿಸಿತು. ಪರೀಕ್ಷೆಯ ಕ್ರಮವನ್ನು ಮಾತ್ರ ಅನುಸರಿಸಲಿಲ್ಲ.

ಇಲ್ಲಿ ಫಂಕ್ಷನ್‌ನ ಒಡಲು ಬರೀ ಪಠ್ಯವಾಗಿ ಉಳಿಯುತ್ತದೆ. ಅದರೊಳಗಿನ ಪ್ರತಿ ಎಸ್‌ಕ್ಯುಎಲ್ ವಾಕ್ಯ ಸಿದ್ಧವಾಗುವುದು ಅದರ ಸರದಿ ಬಂದಾಗ. ಇದರಿಂದ ಅನುಕೂಲವೂ ಇದೆ: ಫಂಕ್ಷನ್ ತಾನೇ ತಾತ್ಕಾಲಿಕ ಟೇಬಲ್ ಸೃಷ್ಟಿಸಿ ಬಳಸಬಹುದು, ಟೇಬಲ್‌ಗಿಂತ ಮೊದಲೇ ಫಂಕ್ಷನ್ ಬರೆದಿಡಬಹುದು. ತೊಂದರೆ ಕಾಣುವುದು ಅಪರೂಪದ ಕವಲುಗಳಲ್ಲಿ. ಬಿಲ್ ಲೆಕ್ಕ ಹಾಕುವ ಫಂಕ್ಷನ್ ಒಂದು ಲಕ್ಷ ರೂಪಾಯಿ ಮೀರಿದಾಗ ಮಾತ್ರ ರಿಯಾಯಿತಿಯ ಕಾಲಂ ಓದುತ್ತದೆ ಎನ್ನೋಣ. ಆ ಕಾಲಂನ ಹೆಸರು ಬದಲಾದರೂ ಸಣ್ಣ ಬಿಲ್‌ಗಳೆಲ್ಲ ಸರಾಗವಾಗಿ ಆಗುತ್ತವೆ. ಮೊದಲ ದೊಡ್ಡ ಬಿಲ್ ಬಂದಾಗ ಕೆಲಸ ನಿಲ್ಲುತ್ತದೆ.

2005ರ 8.0 ಆವೃತ್ತಿ ಸೃಷ್ಟಿಯ ಹಂತದಲ್ಲೇ ವಾಕ್ಯರಚನೆಯ ಸರಳ ದೋಷಗಳನ್ನು ಹಿಡಿಯತೊಡಗಿತು. ಆದರೆ ಇಲ್ಲದ ಕಾಲಂನ ಹೆಸರು ಆ ಜರಡಿಯಲ್ಲಿ ಸಿಗುವಂಥದ್ದಲ್ಲ. ಈ ಕೊರತೆ ತುಂಬಲು ಜೆಕ್ ಡೆವಲಪರ್ ಪಾವೆಲ್ ಸ್ಟೆಹುಲೆ ‘ಪಿಎಲ್‌ಪಿಜಿಎಸ್‌ಕ್ಯುಎಲ್ ಲಿಂಟ್’ ಬರೆದರು. ‘ಚೆಕ್ ಫಂಕ್ಷನ್’ ಎಂಬ ಆಜ್ಞೆಯನ್ನೇ ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಅವರ ಪ್ರಸ್ತಾಪ 2011ರಲ್ಲಿ ಚರ್ಚೆಗೆ ಬಂದರೂ ಮೂಲ ಕೋಡ್‌ಗೆ ಸೇರಲಿಲ್ಲ. ಮುಂದೆ ಲಿಂಟ್‌ನ ಉತ್ತರಾಧಿಕಾರಿಯಾಗಿ ಬಂದ ‘ಪಿಎಲ್‌ಪಿಜಿಎಸ್‌ಕ್ಯುಎಲ್ ಚೆಕ್’ ಹೊರಗಿನ ಎಕ್ಸ್‌ಟೆನ್ಶನ್ ಆಗಿಯೇ ಬೆಳೆಯಿತು. ಅದು ಫಂಕ್ಷನನ್ನು ಓಡಿಸದೆ ಎಲ್ಲ ಕವಲುಗಳನ್ನೂ ಹೊಕ್ಕು, ಒಂದೊಂದು ವಾಕ್ಯವನ್ನೂ ಪೋಸ್ಟ್‌ಗ್ರೆಸ್‌ನ ಪಾರ್ಸರ್‌ಗೇ ಒಪ್ಪಿಸುತ್ತದೆ. ಮೇಲಿನ ಉದಾಹರಣೆಯಲ್ಲಿ 42703 ಎಂಬ ದೋಷಸಂಖ್ಯೆಯನ್ನೂ ಸಾಲಿನ ಸಂಖ್ಯೆಯನ್ನೂ ತೋರಿಸುತ್ತದೆ. ಓಡುವಾಗಷ್ಟೇ ಕಟ್ಟುವ ಡೈನಮಿಕ್ ಎಸ್‌ಕ್ಯುಎಲ್‌ನ ವಿಷಯದಲ್ಲಿ ಮಾತ್ರ ಅದರ ಕೈ ಕಟ್ಟಿದೆ.

2021ರ 14ನೇ ಆವೃತ್ತಿ ಇನ್ನೊಂದು ದಾರಿ ತೆರೆಯಿತು. ‘ಬಿಗಿನ್ ಅಟಾಮಿಕ್’ ಬಳಸಿ ಬರೆದ ಎಸ್‌ಕ್ಯುಎಲ್ ಫಂಕ್ಷನ್‌ನ ಒಡಲನ್ನು ಸೃಷ್ಟಿಯ ಹೊತ್ತಿಗೇ ವಿಶ್ಲೇಷಿಸಿ, ಟೇಬಲ್‌ಗಳೊಂದಿಗಿನ ಅವಲಂಬನೆಯನ್ನೂ ದಾಖಲಿಸಲಾಗುತ್ತದೆ. ಕಾಲಂನ ಹೆಸರು ಬದಲಾದರೆ ಫಂಕ್ಷನ್ ಅದನ್ನು ಅನುಸರಿಸುತ್ತದೆ. ಪಿಎಲ್‌/ಪಿಜಿಎಸ್‌ಕ್ಯುಎಲ್‌ಗೆ ಈ ಸೌಲಭ್ಯ ಇಲ್ಲ.

ಹೀಗೆ ನೋಡಿದರೆ ತಡವಾದ ಪರೀಕ್ಷೆಯನ್ನು ತಾಂತ್ರಿಕ ಅಸಾಮರ್ಥ್ಯ ಎನ್ನಲಾಗದು. ಹೆಸರನ್ನು ವಸ್ತುವಿಗೆ ಯಾವಾಗ ಜೋಡಿಸಬೇಕೆಂಬ ಆಯ್ಕೆಯ ಫಲ ಅದು. ಆ ಆಯ್ಕೆ ಇರುವವರೆಗೆ, ಬರೆದ ದಿನ ಸರಿಯಿದ್ದ ಫಂಕ್ಷನ್ ಒಂದಕ್ಷರ ಬದಲಾಗದೆಯೂ ಕೆಡಬಹುದು. ಆದ್ದರಿಂದ ಟೇಬಲ್‌ಗಳ ರಚನೆ ಬದಲಾದಾಗಲೆಲ್ಲ ಹಳೆಯ ಫಂಕ್ಷನ್‌ಗಳನ್ನೂ ಮತ್ತೆ ಪರೀಕ್ಷೆಗೆ ಒಡ್ಡಬೇಕಾಗುತ್ತದೆ.