ಪ್ಯಾನೆಲ್ ಮೇಲಿನ ದೀಪ ಯಾರ ಮಾತು ಹೇಳುತ್ತದೆ?

ಇವತ್ತು ರೈಲ್ವೆ ಸ್ಟೇಷನ್ ಮಾಸ್ತರರ ಮುಂದಿರುವ ಕಂಟ್ರೋಲ್ ಪ್ಯಾನೆಲ್ಲಿನ ಕಥೆ ಹೇಳ್ತೀನಿ.

ಕೃಷ್ಣಾ ನದಿ ಸೀಮೆಯ ಉಗಾರ ಬುದ್ರುಕದ ಮಂದಿಗೆ ಪಕ್ಕದ ಉಗಾರ ಖುರ್ದದಲ್ಲೇ ರೈಲು ನಿಲ್ದಾಣ ಇದೆ. ಮಿರಜದಿಂದ ಬಂದ ಹಳಿ ಇಲ್ಲಿಂದ ಮುಂದೆ ಕೃಷ್ಣೆ ದಾಟಿ ಕುಡಚಿ, ಬೆಳಗಾವಿ, ಲೋಂಡಾ ಕಡೆ ಹೋಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಮೀಟರ್ ಗೇಜ್ ಮಾರ್ಗ ಇದು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಇದ್ದದ್ದು ಒಂದೇ ಹಳಿ. ಹೋಗುವ ಗಾಡಿಗೂ ಬರುವ ಗಾಡಿಗೂ ಅದೇ ದಾರಿ.

ಒಂದೇ ಹಳಿ ಇದ್ದಾಗ ಎದುರುಬದುರು ಎರಡು ಗಾಡಿ ಬರದಂಗ ನೋಡಿಕೊಳ್ಳೋದು ಹೆಂಗ? ಇದಕ್ಕೆ ಭಾರತದ ಏಕಹಳಿ ಮಾರ್ಗಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಉಪಾಯ ನೀಲ್ಸ್ ಟೋಕನ್. ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿ. ಎರಡೂ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಒಂದು ಕಡೆ ಲೋಹದ ಗುಂಡು ಹೊರಗೆ ಬರುತ್ತದೆ. ಆ ಗುಂಡು ಮತ್ತೆ ಯಂತ್ರದ ಹೊಟ್ಟೆ ಸೇರುವ ತನಕ ಇನ್ನೊಂದು ಗುಂಡು ಎರಡೂ ಕಡೆ ಬರೋದಿಲ್ಲ. ಗುಂಡನ್ನು ಚೀಲದಲ್ಲಿ ಹಾಕಿ, ಬಳೆಯಂಥ ದೊಡ್ಡ ಬಳ್ಳಿಗೆ ಕಟ್ಟಿ ಚಾಲಕರಿಗೆ ಕೊಡುತ್ತಿದ್ದರು. ನಿಲ್ಲದ ಗಾಡಿಯ ಚಾಲಕರು ಅದನ್ನು ತೋಳಿಗೆ ಸಿಗಿಸಿಕೊಂಡೇ ಮುಂದೆ ಹೋಗೋರು. ಅಂದ್ರೆ ಅನುಮತಿಗೆ ತೂಕ ಇತ್ತು, ಅದನ್ನು ಕೈಯಲ್ಲಿ ಹಿಡಿಯಬಹುದಿತ್ತು.

ಸ್ಟೇಷನ್ ಒಳಗಿನ ಹಳಿಗಳದ್ದು ಇನ್ನೊಂದು ಲೆಕ್ಕ. ಗಾಡಿ ಮೇನ್ ಲೈನಿಗೆ ಹೋಗಬೇಕೋ ಲೂಪ್ ಲೈನಿಗೋ ಅನ್ನುವುದನ್ನು ಪಾಯಿಂಟ್ ತೀರ್ಮಾನಿಸುತ್ತದೆ. ಪಾಯಿಂಟ್ ಒಂದು ಕಡೆ, ಸಿಗ್ನಲ್ ಇನ್ನೊಂದು ಕಡೆ ತೋರಿಸಿದರೆ ಅನಾಹುತ. ಹಾಗಾಗದಂತೆ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕುವ ಯಂತ್ರಕ್ಕೆ 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಪೇಟೆಂಟ್ ಪಡೆದರು. ಅದೇ ಇಂಟರ್‌ಲಾಕಿಂಗ್. ಕ್ಯಾಬಿನ್‌ನಲ್ಲಿ ಸಾಲಾಗಿ ಲಿವರ್‌ಗಳು. ತಪ್ಪು ಲಿವರ್ ಎಳೆದರೆ ಅದು ಅಲುಗಾಡೋದೇ ಇಲ್ಲ.

ಲಿವರ್ ಹೋದ ಕಡೆ ಪ್ಯಾನೆಲ್ ಬಂತು. ಸ್ಟೇಷನ್ನಿನ ಎಲ್ಲ ಹಳಿಗಳ ನಕ್ಷೆ, ಅದರ ಮೇಲೆ ಗುಂಡಿಗಳು, ಪುಟ್ಟ ದೀಪಗಳು. ದಾರಿ ಸಿದ್ಧವಾದರೆ ಬಿಳಿ ಸಾಲು, ಗಾಡಿ ಬಂದು ನಿಂತರೆ ಕೆಂಪು. ಈಗ ಅನೇಕ ಕಡೆ ಪ್ಯಾನೆಲ್ಲಿನ ಜಾಗಕ್ಕೂ ಕಂಪ್ಯೂಟರ್ ಪರದೆ ಬಂದಿದೆ. ಮಳೆ, ಬಿಸಿಲು, ಓಡಾಟ ತಪ್ಪಿತು. ಆದರೆ ಒಂದು ಬದಲಾವಣೆ ಸದ್ದಿಲ್ಲದೆ ಆಯಿತು ನೋಡ್ರಿ: ಮಾಸ್ತರರು ಈಗ ನೋಡುವುದು ಹಳಿಯನ್ನಲ್ಲ, ಹಳಿಯ ಬಗ್ಗೆ ತಂತಿ ತಂದ ಸುದ್ದಿಯನ್ನು.

ಆ ಸುದ್ದಿ ಸುಳ್ಳಾದರೆ ಏನಾಗುತ್ತದೆ ಅಂತ 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರ ತೋರಿಸಿತು. ತೆರೆದ ಕವಾಟ ಮುಚ್ಚಲೇ ಇಲ್ಲ. ಕಂಟ್ರೋಲ್ ರೂಮಿನ ದೀಪ ಮಾತ್ರ ಮುಚ್ಚಿದೆ ಅನ್ನುವಂತೆ ಇತ್ತು. ಯಾಕಂದ್ರೆ ಆ ದೀಪ ತೋರಿಸುತ್ತಿದ್ದದ್ದು "ಮುಚ್ಚು" ಅಂತ ಕೊಟ್ಟ ಆಜ್ಞೆಯನ್ನು, ಕವಾಟದ ನಿಜ ಸ್ಥಿತಿಯನ್ನಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ಅದು ಯಾರಿಗೂ ಹೊಳೆಯಲಿಲ್ಲ.

ರೈಲ್ವೆಯವರು ಈ ವಿಷಯದಲ್ಲಿ ಮೊದಲಿನಿಂದಲೂ ಜಾಣರು. ಪಾಯಿಂಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಹಳಿಯ ಪಕ್ಕದಲ್ಲೇ ಇರುವ ಡಿಟೆಕ್ಟರ್ ಉತ್ತರ ಕಳಿಸಬೇಕು. ಆ ಉತ್ತರ ಬರದೆ ಸಿಗ್ನಲ್ ಹಸಿರಾಗದು. ಆದರೆ ಆ ಉತ್ತರ ಬರುವ ತಂತಿಯನ್ನೇ ಯಾರಾದರೂ ತಪ್ಪಾಗಿ ಜೋಡಿಸಿದರೆ?

ನಮ್ಮ ರಾಜ್ಯದಲ್ಲೇ ಇದರ ಎಚ್ಚರಿಕೆ ಸಿಕ್ಕಿತ್ತು. 2023ರ ಫೆಬ್ರುವರಿ 8ರಂದು ನೈಋತ್ಯ ರೈಲ್ವೆಯ ಮೈಸೂರು ವಿಭಾಗದ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ಹೋಗುವುದರಲ್ಲಿತ್ತು. ಲೋಕೋ ಪೈಲಟ್ ಪಾಯಿಂಟ್ ನೋಡಿ ಗಾಡಿ ನಿಲ್ಲಿಸಿದ್ದರಿಂದ ದುರಂತ ತಪ್ಪಿತು. ಪ್ಯಾನೆಲ್ ಮೇಲೆ ದಾರಿ ಸರಿ ಕಾಣುತ್ತಿದ್ದರೂ ಗಾಡಿ ಹೊರಟ ಮೇಲೆ ದಾರಿ ಬದಲಾಗುತ್ತದೆ ಅಂದ್ರೆ ವ್ಯವಸ್ಥೆಯಲ್ಲೇ ಗಂಭೀರ ದೋಷ ಇದೆ ಎಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿ ಪತ್ರ ಬರೆದರು.

ನಾಲ್ಕು ತಿಂಗಳು ತುಂಬುವುದರೊಳಗೆ, ಜೂನ್ 2ರಂದು, ಒಡಿಶಾದ ಬಹಾನಗಾ ಬಜಾರ್ ಸ್ಟೇಷನ್ನಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು ಸಿಗ್ನಲ್ ಸಿಕ್ಕಿತು. ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಅದು ಗುದ್ದಿತು. ಹಳಿ ತಪ್ಪಿದ ಬೋಗಿಗಳು ಬೆಂಗಳೂರಿನಿಂದ ಹೊರಟಿದ್ದ ಹೌರಾ ಎಕ್ಸ್‌ಪ್ರೆಸ್‌ಗೂ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೊಟ್ಟು ಮಾಡಿದ್ದು ಎರಡು ಕೆಲಸಗಳ ಕಡೆಗೆ: ಹಿಂದೊಮ್ಮೆ ಸಿಗ್ನಲ್ ಸರ್ಕ್ಯೂಟಿನಲ್ಲಿ ಮಾಡಿದ್ದ ಬದಲಾವಣೆ, ಆಮೇಲೆ ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸ. ಪ್ಯಾನೆಲ್ ಮುಂದೆ ಕೂತವರಿಗೆ ಕಂಡದ್ದು ಸರಿಯಾದ ದಾರಿಯೇ.

ಹಾಗಂತ ಟೋಕನ್ ಗುಂಡಿನ ಕಾಲವೇ ಚಲೋ ಇತ್ತು ಅಂತ ನಾನು ಹೇಳೋದಿಲ್ಲ. ಈಗಿನಷ್ಟು ಗಾಡಿಗಳನ್ನು ಆ ಪದ್ಧತಿಯಲ್ಲಿ ಓಡಿಸಲಿಕ್ಕಾಗದು. ಹೇಳಬೇಕಾದದ್ದು ಇಷ್ಟೇ: ಸುರಕ್ಷತೆ ಕ್ಯಾಬಿನ್‌ನಿಂದ ಹೊರಟು ಹಳಿ ಪಕ್ಕದ ಬೂದು ಬಣ್ಣದ ಪೆಟ್ಟಿಗೆಗಳೊಳಗೆ ಹೋಗಿ ಕೂತಿದೆ. ಆ ಪೆಟ್ಟಿಗೆ ತೆರೆಯುವ ಮುಂಚೆ ಮಾಸ್ತರರಿಗೆ ಕೊಡಬೇಕಾದ ಡಿಸ್‌ಕನೆಕ್ಷನ್ ಮೆಮೊ, ಕೆಲಸ ಮುಗಿದ ಮೇಲೆ ಪಾಯಿಂಟ್ ತಿರುಗಿಸಿ ಪ್ಯಾನೆಲ್ ಜೊತೆ ತಾಳೆ ನೋಡುವ ಪರೀಕ್ಷೆ, ಇವು ಬರೀ ಕಾಗದದ ಕೆಲಸ ಅಲ್ಲ. ಒಂದು ಕಾಲಕ್ಕೆ ಚಾಲಕರ ತೋಳಿನಲ್ಲಿ ತೂಗುತ್ತಿದ್ದ ಗುಂಡಿನ ಕೆಲಸವನ್ನು ಈಗ ಆ ಮೆಮೊ ಮಾಡುತ್ತಿದೆ. ಗಾಡಿ ತಡವಾಗುತ್ತದೆ ಅಂತ ಅದನ್ನು ಬಿಟ್ಟುಬಿಟ್ಟರೆ, ಪ್ಯಾನೆಲ್ ಮೇಲಿನ ದೀಪ ಉರಿಯುತ್ತಲೇ ಇರುತ್ತದೆ, ಆದರೆ ಅದರ ಮಾತು ನಂಬುವಂಗಿರೋದಿಲ್ಲ.