ಸಾಗರವಿಲ್ಲದ ಊರಿನ ಸೂರ್ಯೋದಯ

ಕಳೆದ ತಿಂಗಳು ನಾನು ಕಳುಹಿಸಿದ ಸೂರ್ಯೋದಯದ ಛಾಯಾಚಿತ್ರವನ್ನು ನೋಡಿ ಅನೇಕ ಹಳೆಯ ವಿದ್ಯಾರ್ಥಿಗಳೂ, ಪುಣೆಯಲ್ಲಿರುವ ನನ್ನ ತಂಗಿಯ ಮಕ್ಕಳೂ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ: "ಸರ, ಇದು ಯಾವ ಸಮುದ್ರ?" ಬಸವನ ಬಾಗೇವಾಡಿಯ ಮಾಸ್ತರ ಈ ವಯಸ್ಸಿನಲ್ಲಿ ಯಾವ ಕಡಲ ದಂಡೆಗೆ ಹೋಗಿದ್ದಾರೆಂಬ ಕುತೂಹಲ ಸಹಜವೇ. ಉತ್ತರವನ್ನು ಕೊಂಚ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಪಾಠ ಹೇಳಿದ ನಾಲಿಗೆಗೆ ಚುಟುಕಾಗಿ ಉತ್ತರಿಸುವ ಅಭ್ಯಾಸವಿಲ್ಲ.

ಮೊದಲು ಭೂಗೋಳ. ನಮ್ಮ ರಾಜ್ಯದ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಕಾರವಾರದಲ್ಲಾಗಲಿ ಮುರುಡೇಶ್ವರದಲ್ಲಾಗಲಿ ಸೂರ್ಯನು ಸಮುದ್ರದಲ್ಲಿ ಮುಳುಗುವುದನ್ನು ಕಾಣಬಹುದೇ ಹೊರತು, ಏಳುವುದು ಸಹ್ಯಾದ್ರಿಯ ಬೆನ್ನ ಹಿಂದಿನಿಂದ. ನೀರಿನೊಳಗಿಂದ ಏಳುವ ಸೂರ್ಯನನ್ನು ನೋಡಬೇಕೆಂದರೆ ಪೂರ್ವ ಕರಾವಳಿಗೆ ಹೋಗಬೇಕು, ಇಲ್ಲವೇ ನಮ್ಮ ಆಲಮಟ್ಟಿಯ ಹಿನ್ನೀರಿಗೆ ಬರಬೇಕು. ಅಣೆಕಟ್ಟೆಯ ಹಿಂದೆ ಕೃಷ್ಣೆಯು ಪಶ್ಚಿಮದ ಕಡೆಗೆ ಬಹುದೂರ ಹರಡಿಕೊಂಡಿರುವುದರಿಂದ, ಅದರ ಪಡುವಣ ದಂಡೆಯಲ್ಲಿ ನಿಂತವರಿಗೆ ಬೆಳಗಿನ ಸೂರ್ಯ ನೀರಿನಿಂದಲೇ ಮೇಲೇಳುತ್ತಾನೆ. ಜಲಾಶಯದ ಹೆಸರೂ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ. ಆದ್ದರಿಂದ ಸಾಗರವೆಂದು ತಿಳಿದ ನೀವು ಪೂರ್ತಿ ತಪ್ಪಿಲ್ಲವೆಂದು ಅರ್ಧ ಅಂಕ ಕೊಡುತ್ತೇನೆ.

ನಿವೃತ್ತಿಯ ನಂತರ ನಾವು ಆರು ಜನ ಹವ್ಯಾಸಿಗಳು ಸೇರಿ ಈ ಗೀಳನ್ನು ಹಚ್ಚಿಕೊಂಡೆವು. ಅಂಚೆ ಇಲಾಖೆಯಿಂದ ನಿವೃತ್ತರಾದವರೊಬ್ಬರು, ಔಷಧದ ಅಂಗಡಿಯವರೊಬ್ಬರು, ರೈತರೊಬ್ಬರು, ನನ್ನ ಇಬ್ಬರು ಶಿಷ್ಯರು, ಕೊನೆಗೆ ನಾನು. ನಸುಕಿನ ನಾಲ್ಕು ಗಂಟೆಗೆ ಹೊರಟು, ಬೆಳಕು ಹರಿಯುವ ಮುನ್ನ ದಂಡೆ ಸೇರುತ್ತೇವೆ. ಒಂದೇ ಜಾಗದಲ್ಲಿ ನಿಂತರೂ ಒಂದೇ ಚಿತ್ರ ಸಿಕ್ಕುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಜೂನ್ ತಿಂಗಳ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೂ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿದು ಹುಟ್ಟುತ್ತಾನೆ. ಆಗಸ್ಟ್‌ನಲ್ಲಿ ತುಂಬಿ ತುಳುಕುವ ನೀರು, ಬೇಸಗೆಯ ಹೊತ್ತಿಗೆ ಬಹಳಷ್ಟು ಹಿಂದೆ ಸರಿದಿರುತ್ತದೆ.

ಅಂಥದೊಂದು ಮೇ ತಿಂಗಳ ಬೆಳಗು. ನೀರು ಇಳಿದಲ್ಲಿ ಗೋಡೆಗಳ ಕಲ್ಲುಸಾಲು ಎದ್ದು ಕಾಣುತ್ತಿತ್ತು. ಎಲ್ಲರೂ ಸೂರ್ಯನತ್ತ ಕ್ಯಾಮೆರಾ ತಿರುಗಿಸಿದ್ದೆವು. ನಮ್ಮ ರೈತ ಮಿತ್ರರು ಮಾತ್ರ ಕೆಸರಿನಲ್ಲಿ ನಡೆದು ಹೋಗಿ, ಒಂದು ಕಲ್ಲಿನ ಬಳಿ ನಿಂತು ಹೇಳಿದರು: "ಇಲ್ಲೇ ನಮ್ಮ ಮನಿ ಇತ್ರಿ ಸರ. ಇದು ಹೊಚ್ಚಲ. ಆ ಕಡೆ ಹಗೇವು, ಅದರಾಚೆ ಬೇವಿನ ಗಿಡ." ಆ ಮನೆಯ ಛಾಯಾಚಿತ್ರ ನಿಮ್ಮಲ್ಲಿದೆಯೇ ಎಂದು ಕೇಳಿದೆ. ಇದ್ದದ್ದು ಒಂದೇ ಚಿತ್ರ, ಅವರ ತಂದೆತಾಯಿ ಮದುವೆಯ ನಂತರ ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿಕೊಂಡದ್ದು. ಅದನ್ನು ಮುಂದೊಮ್ಮೆ ತಂದು ತೋರಿಸಿದರು. ದಂಪತಿಗಳ ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಸಮುದ್ರ, ಎರಡು ತೆಂಗಿನ ಮರ.

ಆ ಚಿತ್ರ ನೋಡಿದ ದಿನದಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಛಾಯಾಚಿತ್ರಕಲೆ ನಮ್ಮ ಸೀಮೆಗೆ ತಡವಾಗಿ ಬಂದದ್ದೇನೂ ಅಲ್ಲ. ಹಾಗಿದ್ದೂ ನಮ್ಮ ಮನೆಗಳ ಚಿತ್ರ ಏಕಿಲ್ಲ?

1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್‌ನ ವಿಧಾನವು ಪ್ರಕಟವಾಯಿತು. 1854ರಲ್ಲಿ ಮುಂಬಯಿಯಲ್ಲಿ ಛಾಯಾಚಿತ್ರಗಾರರ ಸಂಘ ಹುಟ್ಟಿತು. ಮರುವರ್ಷವೇ, ಅಂದರೆ 1855ರಲ್ಲಿ, ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಮುಂಬಯಿ ಸರಕಾರ ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಆತ ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ಹಿಡಿದ. ಆತನು ಸೇನೆಗೆ ಮರಳಿದ ಮೇಲೆ ಡಾ. ಪಿಗೌ, ಆನಂತರ ನೀಲ್ ಎಂಬವರು ಆ ಕೆಲಸವನ್ನು ಮುಂದುವರಿಸಿದರು. 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನವು ವಿಜಾಪುರದ ವಾಸ್ತುಶಿಲ್ಪದ ದೊಡ್ಡ ಚಿತ್ರಗ್ರಂಥವೊಂದನ್ನು ಹೊರತಂದಿತು. ಅದಕ್ಕೆ ಬರೆಹ ಒದಗಿಸಿದವರಲ್ಲಿ ಒಬ್ಬನು ನಮ್ಮ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್, ಇನ್ನೊಬ್ಬನು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್. ಮುಂದೆ ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸ್ ವಿಜಾಪುರದ ಕಟ್ಟಡಗಳ ಬಗ್ಗೆ ಬರೆದ ಗ್ರಂಥ 1916ರಲ್ಲಿ ಪ್ರಕಟವಾಯಿತು.

ಇವರೆಲ್ಲರಿಗೂ ನಾವು ಋಣಿಗಳು. ಆದರೆ ಅವರ ಕ್ಯಾಮೆರಾಗಳು ಹುಡುಕಿಕೊಂಡು ಹೋದದ್ದು ಗುಮ್ಮಟಗಳನ್ನೂ ದೇಗುಲಗಳನ್ನೂ, ಮಣ್ಣಿನ ಮಾಳಿಗೆಯ ಮನೆಗಳನ್ನಲ್ಲ. ಅಂದಿನ ವಿಧಾನದಲ್ಲಿ ಬೆಳಕಿಗೆ ಬಹಳ ಹೊತ್ತು ಒಡ್ಡಬೇಕಾಗಿದ್ದುದರಿಂದ, ಮುಂದೆ ನಡೆದುಹೋದ ಮನುಷ್ಯ ಗುರುತೇ ಸಿಗದಂತೆ ಮಾಯವಾಗುತ್ತಿದ್ದ. ನಿಂತ ಕಲ್ಲು ಉಳಿಯುತ್ತಿತ್ತು, ನಡೆಯುವ ಜನ ಉಳಿಯುತ್ತಿರಲಿಲ್ಲ.

ಪರದೇಶದವರನ್ನು ಮಾತ್ರ ದೂರಿದರೆ ನ್ಯಾಯವಾಗದು. ನನ್ನ ಬಳಿಯೂ ಒಂದು ಆಗ್ಫಾ ಕ್ಲಿಕ್-3 ಇತ್ತು. ಒಂದು ರೋಲಿಗೆ ಹನ್ನೆರಡು ಚಿತ್ರ. ಪ್ರವಾಸಕ್ಕೆ ಹೋದಾಗ ಗೋಲಗುಮ್ಮಟದ ಮುಂದೆ ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದದ್ದು ನೆನಪಿರಬಹುದು. ವೃತ್ತಿಯ ಆರಂಭದ ಮೂರು ವರ್ಷ ನಾನು ಕೃಷ್ಣೆಯ ದಂಡೆಯ ಹಳ್ಳಿಯೊಂದರ ಶಾಲೆಯಲ್ಲಿದ್ದೆ. ಅಲ್ಲಿ ಒಂದು ಕಟ್ಟೆ, ಒಂದು ಹನುಮಪ್ಪನ ಗುಡಿ, ಪಾಠದ ನಡುವೆ ಕೋಳಿಗಳು ನುಗ್ಗುತ್ತಿದ್ದ ಪಡಸಾಲೆ. ಹಳ್ಳಿ ಮುಳುಗುವುದೆಂದು ಎಲ್ಲರಿಗೂ ಗೊತ್ತಿತ್ತು. ಹನ್ನೆರಡರಲ್ಲಿ ಒಂದು ಚಿತ್ರವನ್ನೂ ಆ ಊರಿಗೆಂದು ನಾನು ಮೀಸಲಿಡಲಿಲ್ಲ. ದಿನವೂ ಕಾಣುವುದನ್ನು ಚಿತ್ರ ತೆಗೆಯುವುದೇತಕ್ಕೆ ಎಂದುಕೊಂಡೆ. ಇತಿಹಾಸ ಕಲಿಸುವವನು ಮಾಡಬಾರದ ತಪ್ಪಿದು.

ಆಲಮಟ್ಟಿಯ ಕಥೆ ನಿಮಗೆ ತಿಳಿದದ್ದೇ. 1964ರ ಮೇ 22ರಂದು, ಅಂದು ಕೇಂದ್ರ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಐದೇ ದಿನಗಳಲ್ಲಿ ನೆಹರೂ ತೀರಿಕೊಂಡರು, ಜೂನ್ 9ರಂದು ಶಾಸ್ತ್ರಿಯವರೇ ಪ್ರಧಾನಿಯಾದರು. ಅಣೆಕಟ್ಟೆಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು. ನಡುವೆ ನಲವತ್ತೆರಡು ವರ್ಷ. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ನೀರು ಸೇರಿದವು, ನವನಗರ ಎದ್ದಿತು. ನಾನು ಅಣೆಕಟ್ಟೆಯ ವಿರೋಧಿಯಲ್ಲ. 1876–78ರ ಬರದ ಕಥೆಗಳನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನು. ಮುಳವಾಡ ಏತ ನೀರಾವರಿಯಿಂದ ನಮ್ಮ ಸೀಮೆಯ ಕೆರೆಗಳಿಗೆ ನೀರು ಬಂದಾಗ ಕಣ್ಣು ತುಂಬಿಕೊಂಡವರಲ್ಲಿ ನಾನೂ ಒಬ್ಬ. ಅದೇ ನೀರಿನ ಅಡಿಯಲ್ಲಿ ಒಬ್ಬರ ಹೊಚ್ಚಲವಿದೆ ಎಂಬುದೂ ಅಷ್ಟೇ ನಿಜ.

ಈಗ ಮುಖ್ಯ ಮಾತು. 2000ದ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಅನುಮತಿಯಿತ್ತಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯು ಅದನ್ನು 524.256 ಮೀಟರಿಗೆ ಏರಿಸಬಹುದೆಂದಿತು. ಹಾಗೆ ಏರಿಸಿದರೆ ಮುಳುಗಡೆಯಾಗುವ ಜಮೀನಿನ ಪರಿಹಾರದ ದರವನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿದೆ. ಇನ್ನೂ ಇಪ್ಪತ್ತು ಹಳ್ಳಿಗಳು ಆ ಪಟ್ಟಿಯಲ್ಲಿವೆ. ನೀರು ಇನ್ನೂ ಏರಿಲ್ಲ. ಆ ಹಳ್ಳಿಗಳಲ್ಲಿ ಇಂದಿಗೂ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ.

ಆದ್ದರಿಂದ ನಮ್ಮ ಆರು ಜನರ ತಂಡ ಒಂದು ನಿಯಮ ಮಾಡಿಕೊಂಡಿದೆ. ಸೂರ್ಯ ನೀರಿನಿಂದ ಒಂದು ಮಾರು ಮೇಲೇರಿದ ಕೂಡಲೇ ಅವನಿಗೆ ಬೆನ್ನು ತಿರುಗಿಸುವುದು, ಹತ್ತಿರದ ಹಳ್ಳಿಯೊಂದಕ್ಕೆ ನಡೆಯುವುದು. ಅದೇ ಎಳೆಬಿಸಿಲು ಮುಂದಿನ ಅರ್ಧ ತಾಸು ಮೂಡಣ ಬಾಗಿಲಿನ ಮನೆಗಳ ಮೇಲೆ ಬೀಳುತ್ತದೆ. ಮನೆಯವರ ಅಪ್ಪಣೆ ಪಡೆದು ಬಾಗಿಲು, ಪಡಸಾಲೆ, ಬೀಸುವ ಕಲ್ಲು, ಶಾಲೆಯ ಗೋಡೆಯ ಮೇಲಿನ ಮಗ್ಗಿ, ಎಲ್ಲವನ್ನೂ ತೆಗೆಯುತ್ತೇವೆ. ಚಿತ್ರದ ಹಿಂದೆ ಮನೆಯವರ ಹೆಸರು, ಓಣಿ, ದಿನಾಂಕ ಬರೆದು, ಒಂದು ಪ್ರತಿಯನ್ನು ಮನೆಗೇ ತಲುಪಿಸುತ್ತೇವೆ. ಹೆಸರು ಬರೆದುಕೊಳ್ಳುವ ಕೆಲಸ ನಮ್ಮ ರೈತ ಮಿತ್ರರದು. ಅವರು ಯಾರಿಗೂ ಅದನ್ನು ಬಿಟ್ಟುಕೊಡುವುದಿಲ್ಲ.

ನಿಮ್ಮಲ್ಲಿ ನನ್ನದೊಂದು ಬಿನ್ನಹ. ಮನೆಯ ಹಳೆಯ ಟ್ರಂಕುಗಳನ್ನು ತೆರೆದು ಮದುವೆಯ, ಕುಬಸದ, ಜಾತ್ರೆಯ ಚಿತ್ರಗಳನ್ನು ಹೊರತೆಗೆಯಿರಿ. ಜನರ ಮುಖಗಳ ಹಿಂದೆ ಏನಿದೆಯೆಂದು ನೋಡಿರಿ. ಒಂದು ಗೋಡೆ, ಒಂದು ಗುಡಿಯ ಶಿಖರ, ಒಂದು ಬೇವಿನ ಟೊಂಗೆ ಕಂಡರೂ ಸಾಕು, ಅದು ಯಾವ ಊರಿನದೆಂದು ಹಿರಿಯರನ್ನು ಕೇಳಿ ಬರೆದಿಡಿರಿ. ನಾನು ಮೂರು ವರ್ಷ ಪಾಠ ಹೇಳಿದ ಆ ಹಳ್ಳಿಯ ಒಂದು ಚಿತ್ರ ಯಾರ ಬಳಿಯಾದರೂ ಇದ್ದರೆ, ದಯವಿಟ್ಟು ನನಗೊಂದು ಪ್ರತಿ ಕಳುಹಿಸಿರಿ.